ಇಪ್ಪತ್ತೇಳನೇ ಮರಿಗೆ ಹಾಲು ಕುಡಿಸಿದ ಮುನಿರಾಮಪ್ಪ

ಮಲ್ಲೇಶ್ವರದಿಂದ ಮತ್ತಿಕೆರೆ ಕಡೆ ಹೋಗುವ ದಾರಿಯಲ್ಲಿ, ಉದ್ದನೆಯ ಕಲ್ಲು ಕಾಂಪೌಂಡಿನ ಹಿಂದೆ ನಮ್ಮ ಸಂಶೋಧನಾ ಕೇಂದ್ರ ಇತ್ತು. ಹೆಸರು ಬರೆಯಲ್ಲ. ಪಿಂಚಣಿ ತಿನ್ನುತ್ತಾ ಇರೋಳು ನಾನು, ಉಂಡ ಮನೆಯ ಜಂತಿ ಎಣಿಸಬಾರದು. ಅಲ್ಲಿ ಇಪ್ಪತ್ತೊಂಬತ್ತು ವರ್ಷ ಟೈಪಿಸ್ಟ್ ಆಗಿದ್ದೆ. ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರು. ವಿಜ್ಞಾನಿಗಳು ಬರೆದದ್ದನ್ನೆಲ್ಲ ಬೆರಳು ನೋಯುವ ತನಕ ಬಡಿದೆ, ಅರ್ಥ ಆದದ್ದು ಕಡಿಮೆ. ಮುನಿರಾಮಪ್ಪನ ವಿಷಯ ಮಾತ್ರ ನನಗೆ ಪೂರ್ತಿ ಅರ್ಥವಾಗಿದೆ. ಅದನ್ನ ಬೇರೆ ಯಾರೂ ಬರೆಯೋ ಹಾಗೆ ಕಾಣಲ್ಲ, ಅದಕ್ಕೆ ನಾನೇ ಕೂತಿದ್ದೀನಿ.

ಮುನಿರಾಮಪ್ಪ ನಮ್ಮ ಕುರಿ ಶೆಡ್ಡಿನ ಅಟೆಂಡರ್. ಮನೆ ಶ್ರೀರಾಂಪುರದಲ್ಲಿ. ಹೆಂಡತಿ ದೊಡ್ಡಮುನಿಯಮ್ಮ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೊಪ್ಪು ಮಾರುತ್ತಿದ್ದಳು. ಅವನ ಅಪ್ಪನ ಕಾಲಕ್ಕೆ ಮತ್ತಿಕೆರೆ ಪಕ್ಕ ಸೊಪ್ಪಿನ ತೋಟ ಇತ್ತಂತೆ, ಗೊಬ್ಬರಕ್ಕೆ ಅಂತ ಏಳೆಂಟು ಕುರಿ. ಆ ಕುರಿಗಳನ್ನ ನೋಡಿಕೊಳ್ತಿದ್ದದ್ದು ಅವನ ಅವ್ವ. ತೋಟ ಸೈಟಾಯಿತು, ಕುರಿ ಹೋದವು. ಅವ್ವ ಕಲಿಸಿದ ಕೆಲಸ ಕೈಯಲ್ಲಿ ಉಳಿದಿತ್ತು, ಆ ಕೈ ನೋಡಿಯೇ ನಮ್ಮವರು ಅವನನ್ನ ಸೇರಿಸಿಕೊಂಡರು. ಕಣ್ಣು ಮುಚ್ಚಿಕೊಂಡು ಕೆಮ್ಮು ಕೇಳಿ ಇದು ಇಂಥಾ ಕುರಿ ಅಂತ ಹೇಳೋನು. ಮನುಷ್ಯರ ಜೊತೆ ಮಾತಿಗೆ ಬಂದರೆ ಮಾತ್ರ ಬಲು ಸುತ್ತು. ಅರ್ಧ ದಿನ ರಜ ಬೇಕಿದ್ದರೆ ನನ್ನ ಮೇಜಿನ ಮುಂದೆ ನಿಂತು, ಈ ಸಲ ಚಳಿ ಜಾಸ್ತಿ ಅಲ್ವಾ ಅಂತ ಶುರು ಮಾಡೋನು. ನನಗೋ ಮೂಗಿನ ತುದಿಯಲ್ಲೇ ಕೋಪ. "ಅದೇನು ಹೇಳಿ ಮುಗಿಸಿ ಮುನಿರಾಮಪ್ಪ" ಅಂತ ಗದರಿದರೆ ನಕ್ಕು, ಮತ್ತೆ ಚಳಿಯಿಂದಲೇ ಶುರು ಮಾಡೋನು.

ಅವನ ಪಕ್ಕದ ಬೀದಿಯ ಶ್ರೀನಿವಾಸಯ್ಯ ಸರ್ಕಾರಿ ಮುದ್ರಣಾಲಯದಲ್ಲಿ ಪುಸ್ತಕ ಬೈಂಡ್ ಮಾಡೋ ಕೆಲಸದಲ್ಲಿದ್ದರು. ಅವರ ಮಗಳು ವಿಶಾಖ ಎಂ.ಎಸ್ಸಿ. ಮುಗಿಸಿ, ನಮ್ಮ ಕೇಂದ್ರಕ್ಕೇ ಪಿಎಚ್.ಡಿ. ಮಾಡೋಕೆ ಬಂದಳು. ಅವರ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೇ ಹುಡುಗಿ. ಚಿಕ್ಕಂದಿನಿಂದ ಮುನಿರಾಮಪ್ಪನನ್ನ ಮಾವ ಅಂತ ಕರೆದು ಅಭ್ಯಾಸ, ಇಲ್ಲೂ ಹಾಗೇ ಕರೆದಳು. ಅವಳ ಗೈಡ್ ಡಾಕ್ಟರ್ ವೆಂಕಟಾಚಲ ಅವರಿಗೆ ಅದು ಅಷ್ಟು ಹಿಡಿಸಲಿಲ್ಲ. ಅವಳು ಅದನ್ನ ಲಕ್ಷ್ಯಕ್ಕೇ ತಗೊಳ್ಳಲಿಲ್ಲ. ಆವತ್ತೇ ಹುಡುಗಿ ನನಗೆ ಇಷ್ಟ ಆದಳು.

ಅವಳ ಸಂಶೋಧನೆ ಇದು, ನನಗೆ ತಿಳಿದಷ್ಟು ಹೇಳ್ತೀನಿ. ಮೈ ಬೇಗ ಬೆಳೆಸೋ ಒಂದು ಹಾರ್ಮೋನ್ ಇದೆ. ಅದನ್ನ ತಯಾರು ಮಾಡಿಸೋ ಜೀನನ್ನ, ಕುರಿಯ ಭ್ರೂಣ ಇನ್ನೂ ಕಣ್ಣಿಗೆ ಕಾಣದಷ್ಟು ಸಣ್ಣದಿರುವಾಗಲೇ ಸೂಜಿಯಲ್ಲಿ ಒಳಗೆ ಸೇರಿಸೋದು. ಆಮೇಲೆ ಆ ಭ್ರೂಣವನ್ನ ಬೇರೆ ಕುರಿಯ ಹೊಟ್ಟೆಗೆ ಬಿಡೋದು. ಹುಟ್ಟಿದ ಮರಿಗಳಲ್ಲಿ ಯಾವುದಕ್ಕೆ ಜೀನು ಸೇರಿದೆ ಅಂತ ರಕ್ತ ಪರೀಕ್ಷೆ ಮಾಡಿ, ಅದು ಬೇರೆಯವಕ್ಕಿಂತ ಜಾಸ್ತಿ ಬೆಳೆಯುತ್ತಾ ಅಂತ ನೋಡೋದು. ಬೆಳೆದರೆ ರೈತರಿಗೆ ಲಾಭ. ನಲವತ್ತೊಂದು ಕುರಿಗೆ ಭ್ರೂಣ ಬಿಟ್ಟು, 2003ರ ಜನವರಿಯಲ್ಲಿ ಹನ್ನೊಂದು ಮರಿ ಹುಟ್ಟಿದವು. ಎರಡಕ್ಕೆ ಮಾತ್ರ ಜೀನು ಸೇರಿತ್ತು. ಅದರಲ್ಲಿ ಒಂದು ಹುಟ್ಟಿದ ವಾರಕ್ಕೇ ಸತ್ತಿತು. ಉಳಿದದ್ದು ಇಪ್ಪತ್ತೇಳನೇ ನಂಬರಿನ ಕುರಿ ಹೆತ್ತ ಗಂಡು ಮರಿ, ತಾಯಿಯ ನಂಬರೇ ಅದಕ್ಕೂ. ಮೂರು ವರ್ಷದ ಕೆಲಸ, ಒಂದೇ ಒಂದು ಮರಿ.

ಅದೂ ಎಂಥಾ ಮರಿ ಅಂತೀರಿ! ಮೂಳೆ ಮೇಲೆ ತೊಗಲು ಹೊದ್ದಿಸಿದ ಹಾಗೆ. ಮುನಿರಾಮಪ್ಪ ಅದಕ್ಕೆ ಕಡ್ಡಿ ಅಂತ ಹೆಸರಿಟ್ಟ.

ಮರಿಗಳನ್ನೆಲ್ಲ ತಾಯಿಯಿಂದ ಬಿಡಿಸಿ ಬೇರೆ ಕಟ್ಟಬೇಕು, ಎಲ್ಲಕ್ಕೂ ಬಾಟಲಿಯಲ್ಲಿ ಒಂದೇ ಅಳತೆಯ ಹಾಲು ಕೊಡಬೇಕು, ಸೋಮವಾರ ಸೋಮವಾರ ತೂಕ ಹಾಕಬೇಕು. ಇಂಥ ಹನ್ನೊಂದು ನಿಯಮ ಟೈಪ್ ಮಾಡಿ ಶೆಡ್ಡಿನ ಬಾಗಿಲಿಗೆ ಅಂಟಿಸಿದವಳು ನಾನೇ. ಇಂಗ್ಲಿಷಿನಲ್ಲಿ. ಓದಬೇಕಾದವನಿಗೆ ಇಂಗ್ಲಿಷ್ ಬರಲ್ಲ ಅನ್ನೋದು ವೆಂಕಟಾಚಲ ಅವರಿಗೂ ಹೊಳೆಯಲಿಲ್ಲ, ವಿಶಾಖಳಿಗೂ ಹೊಳೆಯಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಇಷ್ಟು ಹಾಲು ಕೊಡಿ ಅಂತ ಬಾಯಲ್ಲಿ ಹೇಳಿದರು, ಯಾಕೆ ಅಂತ ಯಾರೂ ಹೇಳಲಿಲ್ಲ. ಏನೋ ರಕ್ತದ ಪರೀಕ್ಷೆ ಇರಬೇಕು ಅಂತ ಅವನು ಅಂದುಕೊಂಡ.

ಕಡ್ಡಿಯ ಪಕ್ಕದ ಗೂಡಿನಲ್ಲಿ ಮರಿ ಕಳಕೊಂಡ ಕುರಿಯೊಂದಿತ್ತು. ಕೆಚ್ಚಲು ತುಂಬಿ ಬಿಗಿದು ದಿನವಿಡೀ ಅರಚುತ್ತಿತ್ತು. ಈ ಕಡೆ ಕಡ್ಡಿ ಬಾಟಲಿ ಖಾಲಿ ಮಾಡಿ, ಸಾಲದೆ ಅರಚುತ್ತಿತ್ತು. ನಡುವೆ ಒಂದು ತಂತಿ ಜಾಲರಿ. ಮುನಿರಾಮಪ್ಪನ ಅವ್ವನದೊಂದು ಮಾತಿತ್ತಂತೆ: ಹಾಲು ಕಟ್ಟಿದ ಕುರಿಯನ್ನೂ ಹಸಿದ ಮರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಉಂಡರೆ ಆ ಅನ್ನ ಮೈಗೆ ಹತ್ತಲ್ಲ. ಇವನು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದದ್ದು ಅವೆರಡರ ಎದುರಿಗೇ. ಎಷ್ಟು ದಿನ ತಡಕೊಳ್ತಾನೆ?

ಕುರಿ ತನ್ನದಲ್ಲದ ಮರಿಯನ್ನ ಸುಮ್ಮನೆ ಹತ್ತಿರ ಸೇರಿಸಲ್ಲ, ಗುದ್ದುತ್ತೆ. ಅದಕ್ಕೊಂದು ಉಪಾಯ ಇದೆ. ಆ ಕುರಿಯ ಹಾಲನ್ನೇ ನಾಲ್ಕು ಹನಿ ಹಿಂಡಿ, ಉಪ್ಪು ಸೇರಿಸಿ, ಮರಿಯ ಬೆನ್ನಿಗೂ ಬಾಲಕ್ಕೂ ಸವರಬೇಕು. ಉಪ್ಪಿನ ಆಸೆಗೆ ಕುರಿ ನೆಕ್ಕುತ್ತೆ, ನೆಕ್ಕುತ್ತಾ ನೆಕ್ಕುತ್ತಾ ತನ್ನದೇ ವಾಸನೆ ಹತ್ತಿ ಒಪ್ಪಿಕೊಳ್ಳುತ್ತೆ. ಎರಡು ದಿನ ಅವನು ಕುರಿಯ ತಲೆ ಹಿಡಿದು ನಿಂತನಂತೆ. ಮೂರನೇ ದಿನ ಅದೇ ಮರಿಯನ್ನ ಕರೆಯಿತಂತೆ. ಅಲ್ಲಿಂದ ಬೆಳಗ್ಗೆ ಟೀ ಹೊತ್ತಿಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ ಕಡ್ಡಿಗೆ ಹೊಟ್ಟೆತುಂಬ ಹಾಲು. ಕದ್ದು ಮಾಡಿದ್ದೇನಲ್ಲ. ಆ ಹೊತ್ತಿನಲ್ಲಿ ಬೇರೆಯವರೆಲ್ಲ ಕ್ಯಾಂಟೀನಿನಲ್ಲಿ ಇರುತ್ತಿದ್ದರು, ಅಷ್ಟೇ. ಬಾಟಲಿ ಹಾಲನ್ನ ಒಂದು ಹನಿ ಹೆಚ್ಚೂ ಕೊಡಲಿಲ್ಲ, ಕಡಿಮೆಯೂ ಕೊಡಲಿಲ್ಲ. ಬಾಟಲಿದು ಆಫೀಸಿನ ಹಾಲು, ಇದು ಕುರಿಯ ಹಾಲು, ಇದಕ್ಕೆ ಆಫೀಸು ಯಾಕೆ ಬರಬೇಕು ಅಂತ ಅವನ ಲೆಕ್ಕ.

ಕಡ್ಡಿ ಬೆಳೆಯಿತು. ಒಂದು ವರ್ಷ ತುಂಬೋ ಹೊತ್ತಿಗೆ ಬೇರೆ ಮರಿಗಳು ಮೂವತ್ತು ಕೆ.ಜಿ. ಆಸುಪಾಸು, ಇದು ನಲವತ್ತೆರಡು. ಜೀನು ಕೆಲಸ ಮಾಡಿದೆ ಅಂತ ವೆಂಕಟಾಚಲ ಅವರು ಹಿಗ್ಗಿ ಹೀರೇಕಾಯಿ ಆದರು. ರಕ್ತದಲ್ಲಿ ಆ ಹಾರ್ಮೋನ್ ಜಾಸ್ತಿ ಕಾಣಿಸುತ್ತಿಲ್ಲವಲ್ಲ ಸರ್ ಅಂತ ವಿಶಾಖ ಎರಡು ಮೂರು ಸಲ ಕೇಳಿದಳಂತೆ. ಪರೀಕ್ಷೆಯ ಕಿಟ್ ಸರಿಯಿಲ್ಲ ಅಂದುಬಿಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಿತ್ತು ಅವರ ಸಂಭ್ರಮ. ಪೇಪರಿನವರು ಬಂದು ಕಡ್ಡಿಯ ಫೋಟೋ ತೆಗೆದರು. ಹಗ್ಗ ಹಿಡಿದ ಮುನಿರಾಮಪ್ಪನ ಅರ್ಧ ಕೈ ಮಾತ್ರ ಫೋಟೋದಲ್ಲಿ ಬಂತು.

ಥೀಸಿಸ್ ಟೈಪ್ ಮಾಡೋಕೆ ನನ್ನ ಹತ್ತಿರ ಬಂತು. ವಿಶಾಖಳ ಫೆಲೋಶಿಪ್ ಜೂನ್‌ಗೆ ಮುಗಿಯುತ್ತಿತ್ತು, ಅಷ್ಟರಲ್ಲಿ ಒಪ್ಪಿಸಬೇಕು. ನಾಲ್ಕನೇ ಅಧ್ಯಾಯ ಪೂರ್ತಿ ಕಡ್ಡಿಯದೇ. ಶ್ರೀನಿವಾಸಯ್ಯನವರು ಮಗಳ ಥೀಸಿಸನ್ನ ತಮ್ಮ ಕೈಯಲ್ಲೇ ಬೈಂಡ್ ಮಾಡಬೇಕು ಅಂತ ಚಿಕ್ಕಪೇಟೆಗೆ ಹೋಗಿ ಕೆಂಪು ರೆಕ್ಸಿನ್ ತಂದಿಟ್ಟಿದ್ದರು. ಅದನ್ನ ಬೀದಿಯವರಿಗೆಲ್ಲ ತೋರಿಸಿದ್ದೂ ಆಗಿತ್ತು. ಮುನಿರಾಮಪ್ಪನಿಗೂ ತೋರಿಸಿದ್ದರು.

2004ರ ಫೆಬ್ರವರಿ ಕೊನೆಗೆ ವಿಜ್ಞಾನ ದಿನ. ಮಲ್ಲೇಶ್ವರದ ಒಂದು ಕನ್ನಡ ಶಾಲೆಯ ಮಕ್ಕಳು ಬಂದಿದ್ದರು. ಕನ್ನಡದಲ್ಲಿ ಹೇಳಬೇಕಲ್ಲ, ವೆಂಕಟಾಚಲ ಅವರು ವಿಶಾಖಳನ್ನ ಮುಂದೆ ಬಿಟ್ಟರು. ಅವಳು ಚೆನ್ನಾಗಿಯೇ ಹೇಳಿದಳು. ಈ ಟಗರಿಗೂ ಬೇರೆ ಕುರಿಗಳಿಗೂ ಚಿಕ್ಕಂದಿನಿಂದ ಕೊಟ್ಟದ್ದು ಒಂದೇ ಹಾಲು, ಒಂದೇ ಅಳತೆ, ಆದರೂ ಇದು ಹೀಗೆ ಬೆಳೆದಿದೆ, ಒಳಗೆ ಸೇರಿಸಿದ ಜೀನಿನಿಂದ ಇದು ಆಗಿರೋದು, ಅಂದಳು. ಮಕ್ಕಳು ಚಪ್ಪಾಳೆ ತಟ್ಟಿದವು. ಕಡ್ಡಿಯ ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿದ್ದ ಮುನಿರಾಮಪ್ಪ. ತಾನು ಮಾಡುತ್ತಿದ್ದ ಕೆಲಸ ಏನು ಅಂತ ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಕಿವಿಗೆ ಅರ್ಥವಾಗೋ ಭಾಷೆಯಲ್ಲಿ ಬಿತ್ತು.

ಸೋಮವಾರ ನನ್ನ ಮೇಜಿನ ಮುಂದೆ ಬಂದು ನಿಂತ. ಈ ಸಲ ಚಳಿಯ ಮಾತಿಲ್ಲ. ವಿಶಾಖನ ಪುಸ್ತಕ ಎಷ್ಟು ಬಾಕಿ ಇದೆ ಅಂತ ಕೇಳಿದ. ಇನ್ನು ಇಪ್ಪತ್ತು ಪುಟ ಅಂದೆ. ಆಮೇಲೆ ಎಲ್ಲ ಹೇಳಿದ. ಕುರಿ, ಉಪ್ಪು, ಟೀ ಹೊತ್ತು, ಊಟದ ಹೊತ್ತು, ಎಲ್ಲ. ಜಾಸ್ತಿ ಹಾಲು ಕುಡಿದ ಮರಿ ಜಾಸ್ತಿ ಬೆಳೀದೆ ಇರುತ್ತಾ ಅಮ್ಮ ಅಂತ ಕೇಳಿದ.

ನಾನು ಏನು ಹೇಳಿದೆ ಅನ್ನೋದನ್ನ ಮುಚ್ಚಿಡಲ್ಲ. "ನೋಡಿ ಮುನಿರಾಮಪ್ಪ, ಇದು ನನ್ನ ಕಿವಿಗೆ ಬಿದ್ದಿಲ್ಲ, ನಿಮ್ಮ ಬಾಯಿಂದ ಬಂದಿಲ್ಲ. ಆ ಹುಡುಗಿ ಬದುಕು ಹಾಳು ಮಾಡಬೇಡಿ, ಬಾಯಿ ಮುಚ್ಚಿಕೊಂಡು ಹೋಗಿ" ಅಂದೆ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುತ್ತಲ್ಲ ಅನ್ನೋ ಸಂಕಟ ನನಗೆ. ಅವನು ತಲೆಯಾಡಿಸಿ ಹೋದ. ನಾನು ಆ ನಾಲ್ಕನೇ ಅಧ್ಯಾಯವನ್ನೇ ಮುಂದುವರಿಸಿದೆ.

ಆ ವಾರವೆಲ್ಲ ಅವನ ಬುತ್ತಿ ಬಿಚ್ಚದೆ ಮನೆಗೆ ವಾಪಸ್ ಹೋಯಿತು. ಏನಾಗಿದೆ ನಿಮ್ಮ ಆಫೀಸಲ್ಲಿ ಅಂತ ದೊಡ್ಡಮುನಿಯಮ್ಮ ನನ್ನನ್ನ ಸೊಪ್ಪಿನ ಅಂಗಡಿ ಹತ್ತಿರ ನಿಲ್ಲಿಸಿ ಕೇಳಿದಳು. ಗೊತ್ತಿಲ್ಲ ಅಂದು ದಂಟಿನ ಸೊಪ್ಪು ತಗೊಂಡು ಬಂದೆ. ಮುಂದಿನ ಸೋಮವಾರ ತೂಕ ಹಾಕುವಾಗ ಅವನು ವಿಶಾಖಳಿಗೆ ಹೇಳಿಯೇಬಿಟ್ಟ. ಆ ಹುಡುಗಿ ಕೂಗಾಡಲಿಲ್ಲ. ಎಷ್ಟು ದಿನ ಮಾವ ಅಂತ ಕೇಳಿದಳಂತೆ. ಸಂಕ್ರಾಂತಿಗೆ ನಾಲ್ಕು ದಿನ ಇದ್ದಾಗ ಶುರು, ಯುಗಾದಿ ಹಿಂದಿನ ದಿನದ ತನಕ, ನಡುವೆ ಎರಡು ದಿನ ನಾನು ಮದುವೆಗೆ ಹೋಗಿದ್ದೆ ಅಂದನಂತೆ. ಅವಳು ಅಲ್ಲೇ ತೂಕದ ಪುಸ್ತಕದ ಹಿಂದೆ ಲೆಕ್ಕ ಹಾಕಿ, ಎಂಬತ್ತು ದಿನ ಅಂತ ಬರೆದುಕೊಂಡಳು. ಆಮೇಲೆ ನೇರ ವೆಂಕಟಾಚಲ ಅವರ ರೂಮಿಗೆ ಬಂದಳು. ನನ್ನ ಮೇಜು ಆ ರೂಮಿನ ಬಾಗಿಲಲ್ಲೇ, ಎಲ್ಲ ಕೇಳಿಸಿತು.

ಮೊದಲು ಅವರಿಗೆ ಸಿಟ್ಟು ಬಂದದ್ದು ಮುನಿರಾಮಪ್ಪನ ಮೇಲೆ, ಆಮೇಲೆ ಇವಳ ಮೇಲೆ. ಯಾರು ಕೇಳಿದರು ಅವನನ್ನ, ನೀನ್ಯಾಕೆ ಬರೆದುಕೊಂಡೆ, ಎಂದರು.

"ಶೆಡ್ಡಿನವನ ಮಾತು ಡೇಟಾ ಅಲ್ಲಮ್ಮ."

"ಡೇಟಾ ಬಂದಿದ್ದೆಲ್ಲ ಅವರ ಕೈಯಿಂದಲೇ ಅಲ್ವಾ ಸರ್?"

ವೆಂಕಟಾಚಲ ಅವರು ಕೆಟ್ಟವರಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರು, ಉಗುಳೋಕೂ ಆಗದು, ನುಂಗೋಕೂ ಆಗದು. ಕೊನೆಗೆ ಒಂದೇ ದಾರಿ ಅಂತ ಅವರೇ ಹೇಳಿದರು. ಜೀನು ನಿಜವಾಗಿ ಕೆಲಸ ಮಾಡಿದೆಯೋ ಇಲ್ಲವೋ ತಿಳಿಯಬೇಕಾದರೆ ಟಗರಿನ ಪಿತ್ತಜನಕಾಂಗ, ಮಾಂಸಖಂಡ, ಒಳಗಿನ ಒಂದೊಂದು ಭಾಗವನ್ನೂ ಪರೀಕ್ಷೆ ಮಾಡಬೇಕು. ಅಂದರೆ ಕಡ್ಡಿಯನ್ನ ಕೊಲ್ಲಬೇಕು. ಅಲ್ಲಿ ತನಕ ಅದನ್ನ ತಳಿಗೆ ಉಳಿಸಿಕೊಳ್ಳೋ ಯೋಚನೆ ಇತ್ತು, ಹತ್ತು ವರ್ಷ ಬಾಳಬೇಕಾದ ಪ್ರಾಣಿ ಅದು. ಕೊಲ್ಲೋದು ಬೇಡ ಸರ್ ಅಂತ ವಿಶಾಖ ಎರಡು ದಿನ ಕೇಳಿಕೊಂಡಳು, ಎರಡು ದಿನದ ಮೇಲೆ ಒಪ್ಪಿ ಸಹಿ ಹಾಕಿದಳು.

ಮುನಿರಾಮಪ್ಪನಿಗೆ ಆ ದಿನ ರಜ ತಗೊಳ್ಳಿ ಅಂತ ನಾನೇ ಹೇಳಿದೆ. ಬೇರೆಯವರು ಹಿಡಿದರೆ ಅದು ಹೆದರುತ್ತೆ ಅಂದ. ದನದ ಡಾಕ್ಟರು ಇಂಜೆಕ್ಷನ್ ಕೊಡುವಾಗ ತಾನೇ ಅದರ ತಲೆಯನ್ನ ತೊಡೆ ಮೇಲಿಟ್ಟುಕೊಂಡು ಕೂತಿದ್ದನಂತೆ. ಇಂಥ ಪ್ರಾಣಿಯ ಮಾಂಸ ಯಾರೂ ಮುಟ್ಟೋ ಹಾಗಿಲ್ಲ, ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನ ಸುಟ್ಟರು. ನನಗೆ ಕುರಿ ಮರಿ ಅಂದರೆ ಅಂಥ ಮಮತೆ ಏನಿಲ್ಲ, ಆದರೂ ಆವತ್ತು ಊಟ ಸೇರಲಿಲ್ಲ.

ಫಲಿತಾಂಶ ಬರೋಕೆ ಐದು ವಾರ ಆಯಿತು. ವಿಶಾಖ ಕಾಗದ ಹಿಡಿದುಕೊಂಡು ನನ್ನ ಮೇಜಿನ ಹತ್ತಿರಕ್ಕೇ ಮುನಿರಾಮಪ್ಪನನ್ನ ಕರೆಸಿಕೊಂಡಳು. ಕುರ್ಚಿ ಕೊಟ್ಟರೂ ಅವನು ಕೂರಲಿಲ್ಲ.

"ಜೀನು ಇತ್ತು ಮಾವ, ಆದರೆ ಎಲ್ಲೂ ಕೆಲಸ ಮಾಡಿಲ್ಲ. ಬೆಳೆದಿದ್ದು ಆ ಕುರಿಯ ಹಾಲಿಂದಾನೇ."

"ನಾನ್ ಹೇಳ್ದೇ ಇದ್ದಿದ್ರೆ?"

"ನಾನು ಜೂನ್‌ಗೆ ಥೀಸಿಸ್ ಒಪ್ಪಿಸಿ ಡಾಕ್ಟರ್ ಆಗಿರ್ತಿದ್ದೆ. ಅದು ಬದುಕಿರ್ತಿತ್ತು."

ಹುಡುಗಿ ಸುತ್ತಿ ಬಳಸಿ ಹೇಳೋಳಲ್ಲ. ಹೇಳಿದ ಮೇಲೆ ಅವಳ ಕಣ್ಣಲ್ಲಿ ನೀರು ಬಂತು, ಅವನ ಕಣ್ಣಲ್ಲೂ ಬಂತು. ನಾನು ನಾಲ್ಕನೇ ಅಧ್ಯಾಯದ ಐವತ್ತಾರು ಪುಟವನ್ನ ಅವಳ ಎದುರಿಗೇ ಕಂಪ್ಯೂಟರಿನಿಂದ ಅಳಿಸಿದೆ, ಅವಳೇ ಅಳಿಸೋಕೆ ಹೇಳಿದ್ದಳು. ಮುನಿರಾಮಪ್ಪನಿಗೆ ಮೆಮೋ ಕೊಡಬೇಕು ಅಂತ ಮೇಲಿನವರು ಹೊರಟಾಗ, ಬಾಗಿಲ ಮೇಲಿನ ನಿಯಮಗಳು ಅವರಿಗೆ ತಿಳಿಯೋ ಭಾಷೆಯಲ್ಲಿ ಇರಲಿಲ್ಲ, ತಪ್ಪು ನಮ್ಮದು ಅಂತ ಅವಳೇ ಬರೆದುಕೊಟ್ಟಳು. ಮೆಮೋ ಅಲ್ಲಿಗೇ ನಿಂತಿತು.

ಶ್ರೀನಿವಾಸಯ್ಯನವರು ಮುನಿರಾಮಪ್ಪನ ಜೊತೆ ಮಾತು ಬಿಟ್ಟರು. ಹೆತ್ತ ಕರುಳು, ಅವರನ್ನ ತಪ್ಪು ಅನ್ನೋಕೆ ನನ್ನ ನಾಲಿಗೆ ಏಳಲ್ಲ.

ಕೈಕಾಲು ಹಿಡಿದು ಫೆಲೋಶಿಪ್ಪನ್ನ ಇನ್ನೆರಡು ವರ್ಷ ಮುಂದುವರಿಸಿಕೊಂಡಳು ವಿಶಾಖ. ಹೊಸದಾಗಿ ಭ್ರೂಣ ಬಿಟ್ಟು, 2005ರ ಚಳಿಗಾಲಕ್ಕೆ ಒಂಬತ್ತು ಮರಿ ಆದವು. ಈ ಸಲ ನಿಯಮಗಳನ್ನ ಕನ್ನಡದಲ್ಲಿ ತಾನೇ ಕೈಯಾರೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದಳು. ಒಂದೊಂದನ್ನೂ ಮುನಿರಾಮಪ್ಪನಿಗೆ ಓದಿ, ಯಾಕೆ ಅಂತ ಬಿಡಿಸಿ ಹೇಳಿದಳು. ಅವನು ಎಲ್ಲಕ್ಕೂ ಹೂಂ ಅಂದ. ಇದು ಕೆಟ್ಟರೆ ಅವಳಿಗೆ ಮೂರನೇ ಅವಕಾಶ ಇಲ್ಲ ಅನ್ನೋದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾಲ್ಕನೇ ದಿನ, ಮಧ್ಯಾಹ್ನ ಊಟದ ಹೊತ್ತು. ವಿಶಾಖ ನನ್ನ ಪಕ್ಕ ಕೂತು ಯಾವುದೋ ಪಟ್ಟಿ ತಿದ್ದುತ್ತಿದ್ದಳು. ಮುನಿರಾಮಪ್ಪ ಬಂದು ಶೆಡ್ಡಿನ ಬೀಗದ ಕೈ ಗೊಂಚಲನ್ನ ಮೇಜಿನ ಮೇಲಿಟ್ಟ. ಮರಿಗಳಲ್ಲಿ ಒಂದು ಬಡಕಲು ಇದೆ, ಹಾಲು ಸಾಲದೆ ಅರಚುತ್ತಾ ಇದೆ, ಅದರ ತಾಯಿ ಆಚೆ ಶೆಡ್ಡಿನಿಂದ ಉತ್ತರ ಕೊಡುತ್ತಾ ಇದೆ, ಅಂದ. ನಿಯಮ ನೆನಪಿದೆ ತಾನೇ ಮಾವ ಅಂತ ಅವಳು ಕೇಳಿದಳು.

"ನೆನಪೈತೆ ಕಣವ್ವ. ಆವಾಗ ತಿಳೀದೆ ಮಾಡ್ದೆ. ಈಗ ತಿಳಿದೂ ಮಾಡ್ಬಿಡ್ತೀನಿ. ಅದಕ್ಕೇ ಕೀ ತಗೊ."

ನಾನು ಬಾಯಿ ಹಾಕಿದೆ. ರಿಟೈರ್ ಆಗೋಕೆ ಇನ್ನು ಮೂರೇ ವರ್ಷ, ಬುದ್ಧಿ ಇದೆಯೇನ್ರಿ ನಿಮಗೆ ಅಂತ ಬೈದೆ. ವಿಶಾಖ ತೋಟದ ಕೆಲಸಕ್ಕೆ ಹಾಕಿಸ್ತೀನಿ ಅಂದಳು, ಈಗಲೇ ಹೋಗಿ ಸರ್ ಹತ್ತಿರ ಮಾತಾಡ್ತೀನಿ ಅಂತ ಎದ್ದೇಬಿಟ್ಟಳು.

"ತೋಟಕ್ಕೂ ಕೇಳುಸ್ತೈತೆ ಅದರ ಕೂಗು. ಗೇಟಿಂದ ಆಚೆ ಇದ್ರೇನೇ ನಾನು ಸರಿ."

ಅಷ್ಟು ಹೇಳಿ ಅವಳ ತಲೆ ಮೇಲೆ ಒಂದು ಸಲ ಕೈಯಿಟ್ಟು ಹೋದ. ವಿಶಾಖ ಕಿಟಕಿಯಲ್ಲಿ ನಿಂತು ಅವನು ಗೇಟು ದಾಟೋ ತನಕ ನೋಡಿದಳು, ಆಮೇಲೆ ಕೀ ತಗೊಂಡು ಶೆಡ್ಡಿಗೆ ಹೋದಳು. ಆವತ್ತಿನಿಂದ ಮರಿಗಳಿಗೆ ಬಾಟಲಿ ಹಿಡಿದವಳು ಅವಳೇ. ಬಡಕಲು ಮರಿ ಆರು ದಿನ ಕೂಗಿ ಸತ್ತಿತು. ಆ ಆರು ದಿನವೂ ಅವಳು ಅದಕ್ಕೆ ಅಳತೆಯ ಮೇಲೆ ಒಂದು ಹನಿ ಕೊಡಲಿಲ್ಲ. ಉಳಿದ ಎಂಟು ಮರಿಗಳ ಮೇಲೆ ಥೀಸಿಸ್ ಬರೆದು 2007ರಲ್ಲಿ ಡಾಕ್ಟರ್ ಆದಳು.